ಯಾವ ಊರಿನದೂ ಅಲ್ಲದ ಹೊಳೆ

"ಮಶೀನ್ ಖುಷಿ ಅದ," ಎಂದರು ಸತೀಶಕುಮಾರ ಸರ್. "ಆರು ಪರ್ಸೆಂಟ್. ಈ ಬ್ಯಾಚಿನಾಗ ಇಷ್ಟು ಕಡಿಮಿ ಯಾರ್ದೂ ಬಂದಿಲ್ಲ. ಆದ್ರ ನಾ ಖುಷಿ ಇಲ್ಲ, ಭುವನೇಶ್ವರಿ."

ಭುವನೇಶ್ವರಿ ಕುರ್ಚಿಯ ಅಂಚಿನಲ್ಲಿ ಕೂತಿದ್ದಳು. ಬಸವಕಲ್ಯಾಣದ ಆ ಕಾಲೇಜಿನಲ್ಲಿ ಕನ್ನಡ ಎಂ.ಎ. ವಿಭಾಗವೆಂದರೆ ಇದೊಂದು ಕೋಣೆ, ಎರಡು ಕಪಾಟು, ಗೋಡೆಯ ಮೇಲೆ ಹಳೆಯ ವೇಳಾಪಟ್ಟಿ. ಕೊನೆಯ ಸೆಮಿಸ್ಟರಿನ ಎಲ್ಲರೂ ಒಂದೊಂದು ಪ್ರಾಜೆಕ್ಟ್ ಬರೆಯಬೇಕು. ಬರೆದದ್ದನ್ನು ಲೈಬ್ರರಿಯ ಕಂಪ್ಯೂಟರಿಗೆ ಕೊಟ್ಟರೆ ಅದು ಇಂಟರ್ನೆಟ್ಟಿನಲ್ಲಿರುವುದರ ಜೊತೆ ಹೋಲಿಸಿ, ಎಷ್ಟು ಪಾಲು ಬೇರೆಯವರದು ಎಂದು ಹೇಳುತ್ತದೆ. ಆಮೇಲೆ ಗೈಡ್ ಓದಿ ಸಹಿ ಹಾಕಬೇಕು. ಸಹಿಯಿಲ್ಲದಿದ್ದರೆ ಪ್ರಾಜೆಕ್ಟ್ ಇಲ್ಲ, ಪ್ರಾಜೆಕ್ಟ್ ಇಲ್ಲದಿದ್ದರೆ ಡಿಗ್ರಿ ಇಲ್ಲ.

ಅವಳ ವಿಷಯ ಮಂಠಾಳದ ತತ್ವಪದಗಳು. ಮಂಠಾಳ ಅವಳ ಊರು. ಅಲ್ಲಿನ ಗುರುಲಿಂಗ ಮುತ್ಯಾ ಎಂಬ ಸಾಧು ಕಟ್ಟಿದ ಪದಗಳನ್ನು ಅವನ ಗದ್ದುಗೆಯ ಮುಂದೆ ಭಜನೆಯವರು ಈಗಲೂ ಹಾಡುತ್ತಾರೆ. ಅವನ್ನು ಮೊಬೈಲಿನಲ್ಲಿ ಹಿಡಿದುಕೊಂಡು, ಕೂತು ಕೇಳಿ, ಸಾಲುಸಾಲಾಗಿ ಬರೆದುಕೊಂಡಿದ್ದಳು. ಅದು ಮೂರನೆಯ ಅಧ್ಯಾಯ.

ಸರ್ ಪುಟ ತಿರುವಿದರು.

"ಎರಡನೇದು ಬಾಳ ಚೊಲೋ ಅದ. ಹಿನ್ನೆಲಿ ಬರದೀಯಲ್ಲ, ಅದು. ಭಾಷಾ ಬಿಗಿ ಅದ. ಯಾರೂ ಬೆರಳು ತೋರಸಂಗಿಲ್ಲ."

ಅವಳು ತಲೆಯಾಡಿಸಿದಳು. ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಎರಡನೆಯ ಅಧ್ಯಾಯವನ್ನು ಅವಳು ಬರೆದಿರಲಿಲ್ಲ. ಹುಮನಾಬಾದಿನ ಬಸ್ ಸ್ಟ್ಯಾಂಡಿನ ಬಳಿಯ ಝೆರಾಕ್ಸ್ ಅಂಗಡಿಯಲ್ಲಿ ಹಳೆಯ ಪ್ರಾಜೆಕ್ಟುಗಳು ಸಿಗುತ್ತವೆ. ಅಲ್ಲಿಂದ ತಂದದ್ದನ್ನು ಎದುರಿಗಿಟ್ಟುಕೊಂಡು ಕೂತು ಟೈಪ್ ಮಾಡಿದ್ದಳು. ಇದ್ದ ಊರಿನ ಹೆಸರು ತೆಗೆದು ಮಂಠಾಳ ಎಂದು, ಇದ್ದ ಗುರುವಿನ ಹೆಸರು ತೆಗೆದು ಗುರುಲಿಂಗ ಎಂದು ಹಾಕಿದ್ದಳು. ಆ ಕಾಗದ ಎಂದೂ ಇಂಟರ್ನೆಟ್ಟಿಗೆ ಹೋದದ್ದಲ್ಲ. ಮಶೀನಿಗೆ ಅದು ಹೇಗೆ ಗೊತ್ತಾಗಬೇಕು?

"ತ್ರಾಸ ಇರೂದು ಮೂರನೇದರಾಗ," ಎಂದು ಸರ್ ಒಂದು ಪುಟವನ್ನು ಅವಳ ಕಡೆ ತಿರುಗಿಸಿದರು. "ಇದು ಓದು."

ಅವಳು ಓದಿದಳು.

ಸಡಕಿನ ಮ್ಯಾಲೊಂದು ನಾಕಾ ಬಂತವ್ವ
ಕಂಬ ಅಡ್ಡ ಮಲಗ್ಯಾದ
ಹಣಿಯ ಮ್ಯಾಲಿನ ಗುರುತ ನೋಡಿ
ಕಂಬ ತಾನೇ ಎದ್ದಾದ
ಕೈಯ ಚಾಚುವರಿಲ್ಲ, ಯಾರಂತ ಕೇಳುವರಿಲ್ಲ
ಗುರುಲಿಂಗನ ಮನಿ ದಾರಿ ತೆರದಾದ

"ಕೆಳಗ ಏನು ಬರದೀ? 'ಕರ್ತೃ: ಗುರುಲಿಂಗ ಮುತ್ಯಾ.' ಮುತ್ಯಾ ತೀರ್ಕೊಂಡದ್ದು ಯಾವಾಗ?"

"ನಾ ಹುಟ್ಟೂಕ್ಕಿಂತ ಬಾಳ ಮೊದಲ್ರಿ."

"ಮತ್ತ ಇದು ಟೋಲ್ ನಾಕಾ. ಗಾಡಿ ಗಾಜಿಗೆ ಹಚ್ಚಿದ ಫಾಸ್ಟ್ಯಾಗ್ ಓದಿ ಕಂಬ ತಾನೇ ಏಳತದ. ಮುತ್ಯಾ ಇದನ್ನ ಸಮಾಧಿ ಒಳಗಿಂದ ನೋಡಿದ್ನೇನು?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. "ಖರೇ ಹೇಳು. ನೀನೇ ಕಟ್ಟಿದೆಯೋ, ಇಲ್ಲಾ ಮೊಬೈಲಿಗೆ ಹೇಳಿ ಕಟ್ಟಿಸಿದೆಯೋ? ಈಗ ಅದೂ ಪದಾ ಬರಕೊಡತದಂತ."

"ಇಲ್ರಿ ಸರ್! ಗದ್ದುಗಿ ಮುಂದ ಖರೇನ ಹಾಡತಾರ್ರಿ. ನನ್ನ ಹತ್ರ ರೆಕಾರ್ಡಿಂಗ್ ಅದ."

"ರೆಕಾರ್ಡಿಂಗಿನಾಗ ಹಾಡಿದವರ ದನಿ ಇರತದ. ಕಟ್ಟಿದವರ ಹೆಸರು ಅದನ?" ಅವರು ಕಡತ ಮುಚ್ಚಿದರು. "ಒಂದು ಪದ ಹಿಂಗ ಅಂದ್ರ, ವೈವಾಕ್ಕ ಬಂದವರು ಉಳಿದವೂ ಹಿಂಗ ಅಂತಾರ. ಯಾರು ಕಟ್ಟ್ಯಾರ ಕೇಳಿ ಬರಕೊಂಡು ಬಾ. ಅಲ್ಲೀ ತನಕ ನಾ ಸಹಿ ಮಾಡಂಗಿಲ್ಲ."

ಹೊರಗೆ ಬಂದಾಗ ಅವಳಿಗೆ ಅಳು ಬರಲಿಲ್ಲ, ನಗು ಬರುವಂತಾಯಿತು. ಕದ್ದದ್ದನ್ನು ಮೆಚ್ಚಿಕೊಂಡರು. ತಿಂಗಳುಗಟ್ಟಲೆ ಕಿವಿಗೊಟ್ಟು ಕೂತು ಬರೆದದ್ದನ್ನು ಸುಳ್ಳು ಎಂದರು. ಎಂ.ಎ. ಸೇರುವಾಗ, ಓದಿನ ಖರ್ಚು ನೋಡಿಕೊಳ್ಳುವ ಅಣ್ಣ ಅವಿನಾಶನ ಜೊತೆ ಆದ ಮಾತು ಎರಡು ವರ್ಷ. ಅದರ ಮೇಲೆ ಒಂದು ಸೆಮಿಸ್ಟರ್ ಕೂಡ ಕೇಳಬಾರದು. ಈ ಸಲ ಸಹಿಯಾಗದಿದ್ದರೆ ಓದು ಇಲ್ಲಿಗೇ ನಿಂತೀತು ಎಂಬುದು ಅವಳಿಗೆ ಗೊತ್ತಿತ್ತು.

ಮಂಠಾಳದ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಯೋಚಿಸಿದಳು. ತಾನೇ ಆ ಪ್ರಶ್ನೆಯನ್ನು ಯಾಕೆ ಕೇಳಲಿಲ್ಲ? ಟೋಲಿನ ಕಂಬ ಅವಳೂ ನೋಡಿದ್ದಳು, ಮುತ್ಯಾ ಯಾವಾಗ ತೀರಿಕೊಂಡನೆಂಬುದೂ ಗೊತ್ತಿತ್ತು. ಆದರೂ ಪದದ ಕೊನೆಯಲ್ಲಿ ಗುರುಲಿಂಗನ ಹೆಸರು ಬಂದ ಕೂಡಲೇ ಕೈ ತಾನಾಗಿ 'ಕರ್ತೃ: ಗುರುಲಿಂಗ ಮುತ್ಯಾ' ಎಂದು ಬರೆದಿತ್ತು. ಮಂಠಾಳದಲ್ಲಿ ಹುಟ್ಟಿದವರು ಹಾಗೆ ಕೇಳುವುದಿಲ್ಲ. ಹೊರಗಿನವರಾಗಿದ್ದರೆ ಮೊದಲ ದಿನವೇ ಕೇಳುತ್ತಿದ್ದರು.

ಸುಂದರಬಾಯಿ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಮೊರದಲ್ಲಿ ಉದ್ದು ಹಸನು ಮಾಡುತ್ತಿದ್ದಳು. ಅವಳು ಭುವನೇಶ್ವರಿಗೆ ದೊಡ್ಡವ್ವ, ತಂದೆಯ ಅಣ್ಣ ಬಕ್ಕಪ್ಪನ ಹೆಂಡತಿ. ಭಜನೆಯಲ್ಲಿ ಅವಳ ದನಿ ಏರಿದರೆ ಉಳಿದವರು ತಾಳ ತಗ್ಗಿಸುತ್ತಾರೆ. ಬಕ್ಕಪ್ಪ ಬದಿಗೆ ಹಾರ್ಮೋನಿಯಂ ಪೇಟಿ ಬಿಚ್ಚಿಟ್ಟುಕೊಂಡು, ಅದರ ಸುರದ ಮನೆಗಳ ಧೂಳು ಊದುತ್ತಿದ್ದ.

"ಏನ್ ಬಂತು ಯುನಿವರ್ಸಿಟಿ ಸವಾರಿ ಈ ಕಡಿ?" ಎಂದ ಬಕ್ಕಪ್ಪ. "ಪಾಸಾ, ಫೇಲಾ?"

"ನಡುವ ನೇತಾಡಾಕತ್ತೇನಿ ದೊಡ್ಡಪ್ಪಾ." ಅವಳು ಕೂತಳು. "ದೊಡ್ಡವ್ವಾ, ನಾಕಾದ ಪದ ಅದಲ್ಲ, ಅದನ್ನ ಯಾರು ಕಟ್ಟ್ಯಾರ?"

"ಇನ್ಯಾರು? ಮುತ್ಯಾ."

"ಮುತ್ಯಾ ಇದ್ದಾಗ ನಾಕಾ ಎಲ್ಲಿತ್ತು?"

"ಈಗ ಮುತ್ಯಾ ಎಲ್ಲಿ ಹೋಗ್ಯಾನ?" ಸುಂದರಬಾಯಿ ಒಂದು ಹರಳು ಹೆಕ್ಕಿ ಅಂಗಳಕ್ಕೆ ಎಸೆದಳು.

ಬಕ್ಕಪ್ಪ ನಗತೊಡಗಿದ. "ಪೋಲೀಸ್ನೋರ ಹಾಂಗ ಹಿಡದಾಳ ನೋಡು ಪೋರಿ. ಒಪ್ಕೊಂಬಿಡು ಇನ್ನ. ಏ ಭುವನಾ, ನಾ ಹೇಳತೇನಿ ಕೇಳು. ನಿಮ್ಮಣ್ಣ ಹೊಸಾ ಕಾರ್ ತಗೊಂಡಾಗ ನಮಗಿಬ್ಬರಿಗೂ ಹೈದರಾಬಾದಿಗೆ ಕಣ್ಣ ತೋರ್ಸಾಕ ಕರಕೊಂಡು ಹೋಗಿದ್ದ. ನಾಕಾ ಬಂತು. ಗಾಡಿ ನಿಂದ್ರಲಿಲ್ಲ, ಯಾರೂ ಬರಲಿಲ್ಲ, ಕಂಬ ಗಪ್ಪನ ಮ್ಯಾಲೆ ಎದ್ದಿತು. ಈಕಿ 'ಅಯ್ಯ ಶಿವನ' ಅಂದ್ಲು. ಅಷ್ಟೇ. ಅಲ್ಲಿಂದ ಮನಿ ತನಕ ಒಂದು ಮಾತಿಲ್ಲ. ಲಗ್ನ ಆದಾಗಿಂದ ಅಷ್ಟು ಶಾಂತಿ ನಾ ಕಂಡಿದ್ದಿಲ್ಲ."

"ಬಾಯಿ ಮುಚ್ರಿ, ಸಾಕು," ಎಂದಳು ಸುಂದರಬಾಯಿ. ಆದರೆ ಅಲ್ಲ ಎನ್ನಲಿಲ್ಲ.

ಬಕ್ಕಪ್ಪ ಬಿಡಿಸಿ ಹೇಳಿದಾಗ ಭುವನೇಶ್ವರಿಗೆ ಅದು ಹೇಗೆ ನಡೆಯುತ್ತದೆ ಎಂದು ತಿಳಿಯಿತು. ಭಜನೆಯವರಲ್ಲಿ ಯಾರಿಗಾದರೂ ಪದ ಹೊಳೆದರೆ ಅದನ್ನು ಅವರೇ ಗದ್ದುಗೆಯ ಮುಂದೆ ಎತ್ತಿಕೊಳ್ಳುವಂತಿಲ್ಲ. ಮೊದಲು ಮತ್ತೊಬ್ಬರಿಗೆ ಕಲಿಸಬೇಕು. ಸೋಮವಾರದ ಭಜನೆಯಲ್ಲಿ ಆ ಮತ್ತೊಬ್ಬರು ಶುರು ಮಾಡುತ್ತಾರೆ. ಕಟ್ಟಿದವರು ಹಿಂದೆ ಕೂತು, ಆಗಷ್ಟೇ ಕೇಳಿದವರಂತೆ ಎಲ್ಲರ ಜೊತೆ ಪಲ್ಲವಿ ಹಿಡಿಯುತ್ತಾರೆ. ಪದದ ಕೊನೆಗೆ ಮುತ್ಯಾನ ಹೆಸರು ಇದ್ದೇ ಇರುತ್ತದೆ. ಯಾರದು ಎಂದು ಯಾರೂ ಕೇಳುವುದಿಲ್ಲ. ಗೊತ್ತಿದ್ದವರು ಗೊತ್ತಿಲ್ಲದವರ ಹಾಗೆ ಹಾಡುತ್ತಾರೆ.

"ದೊಡ್ಡವ್ವಾ, ನಿನ್ನ ಹೆಸರು ಹಾಕತೇನಿ. ಸರ್ ಕೇಳ್ಯಾರ."

ಸುಂದರಬಾಯಿಯ ಕೈ ನಿಂತಿತು. "ಹಾಕಬ್ಯಾಡ."

"ಹಾಕಲಿಲ್ಲಂದ್ರ ನಂಬಂಗಿಲ್ಲ ಅವರು. ಕಾಲೇಜಿನ ಕಾಯ್ದೆ ಹಂಗ ಅದ. ಯಾರ ಮಾತೋ ಅವರ ಹೆಸರು ಹೇಳಬೇಕು. ಹೇಳಲಿಲ್ಲಂದ್ರ ಕಳವು."

"ಬರಾಬರ್ ಅದಲ್ಲ ಮತ್ತ, ಕಳವೇ. ಅದಕ್ಕೇ ನಾವು ಮುತ್ಯಾನ ಹೆಸರು ಹೇಳೂದು." ಸುಂದರಬಾಯಿ ಮೊರವನ್ನು ಕೆಳಗಿಟ್ಟಳು. "ಆ ಪದದ ಧಾಟಿ ಯಾರ್ದು? ಮುತ್ಯಾಂದು. ಹಣಿ ಮ್ಯಾಲೆ ಗುರುತು ಇದ್ದವರಿಗೆ ಬಾಗಲ ತೆರೀತದ ಅನ್ನೂ ಮಾತು ಯಾರ್ದು? ಮುತ್ಯಾ ಹೇಳತಿದ್ದ, ನಮ್ಮವ್ವ ಕೇಳ್ಯಾಳ. ನಂದು ಅಂದ್ರ ಅದರಾಗ ಕಂಬ ಒಂದೇ. ಅದೂ ಸರ್ಕಾರದ್ದು."

ಬಕ್ಕಪ್ಪ ಪೇಟಿಯ ಮೇಲೆ ಬಿದ್ದು ನಕ್ಕ.

"ನಗಬ್ಯಾಡ್ರಿ. ಅಷ್ಟಕ್ಕ ಇದು ಸುಂದರಬಾಯಿಂದು ಅಂತ ಪುಸ್ತಕದಾಗ ಹಚ್ಚಿದ್ರ, ಸೋಮವಾರ ನಾ ಗದ್ದುಗಿ ಮುಂದ ಹ್ಯಾಂಗ ಕೂಡಲಿ? ಎಲ್ಲಾರೂ ನನ್ನ ಮಾರಿ ನೋಡ್ತಾರ, ಪದ ಯಾರು ಕೇಳ್ತಾರ?" ಆಮೇಲೆ ದನಿ ಮೆತ್ತಗಾಯಿತು. "ನೀ ಏನು ಬರದೀ, ಓದು ನೋಡೂಣು. ಮುತ್ಯಾನ ಮಾತು ಎಲ್ಲಿ ಸುರು ಆಗತದ, ಅಲ್ಲಿಂದ ಓದು."

ಮುತ್ಯಾನ ಮಾತು ಶುರುವಾಗುವುದು ಎರಡನೆಯ ಅಧ್ಯಾಯದಲ್ಲಿ. ಭುವನೇಶ್ವರಿ ಕಡತ ತೆಗೆದು ಓದತೊಡಗಿದಳು.

"'ಶರಣರ ಪಾದಸ್ಪರ್ಶದಿಂದ ಪಾವನವಾದ ಈ ನೆಲದಲ್ಲಿ ಅಧ್ಯಾತ್ಮದ ಧಾರೆಯು ಜನಮಾನಸದ ಅಂತರಾಳದಲ್ಲಿ ಗುಪ್ತಗಾಮಿನಿಯಾಗಿ ಪ್ರವಹಿಸುತ್ತ ಬಂದಿರುವುದನ್ನು ಕಾಣಬಹುದಾಗಿದೆ...'"

ಟೈಪ್ ಮಾಡುವಾಗ ಆ ವಾಕ್ಯಗಳು ಬೆರಳ ತುದಿಯಿಂದ ಸರಾಗವಾಗಿ ಇಳಿದಿದ್ದವು. ಈಗ ಬಾಯಿಂದ ಹೇಳಿದರೆ ಉಸಿರು ಸಾಲದಾಯಿತು. ವಾಕ್ಯದ ಕೊನೆ ಮುಟ್ಟುವ ಮೊದಲೇ ಅದರ ಆರಂಭ ಮರೆತುಹೋಗುತ್ತಿತ್ತು. ಇಬ್ಬರೂ ಪುರಾಣ ಕೇಳುವವರ ಹಾಗೆ ಕೈಕಟ್ಟಿ ಕೂತಿದ್ದರು. ಅವಳು ಮುಂದುವರಿಸಿದಳು.

"'ಮಂಠಾಳ ಗ್ರಾಮದ ಮಗ್ಗುಲಲ್ಲಿ ತಣ್ಣಗೆ ಹರಿಯುವ ಹೊಳೆಯ ದಂಡೆಯ ಮೇಲೆ ಗುರುಲಿಂಗರ ಗದ್ದುಗೆಯು ನೆಲೆಗೊಂಡಿದ್ದು, ಹೊಳೆಯ ಜುಳುಜುಳು ನಾದವೇ...'"

ಅವಳು ನಿಲ್ಲಿಸಿದಳು. ಗದ್ದುಗೆ ಇದೇ ಓಣಿಯ ಕೊನೆಗಿತ್ತು. ಅದರ ಹಿಂದೆ ಇದ್ದದ್ದು ತೊಗರಿಯ ಹೊಲ. ಬದಿಗೆ ಒಂದು ಬೋರ್‌ವೆಲ್. ಊರಿನ ಹೆಸರು ಬದಲಿಸಿದ್ದಳು, ಗುರುವಿನ ಹೆಸರು ಬದಲಿಸಿದ್ದಳು. ಹೊಳೆ ಹಾಗೆಯೇ ಹರಿದು ಬಂದಿತ್ತು.

ಸುಂದರಬಾಯಿ ಉದ್ದಿನ ಕಡೆ ನೋಡುತ್ತಿದ್ದಳು. ಬಕ್ಕಪ್ಪನೇ ಕೇಳಿದ. ಸಿಕ್ಕಿಹಾಕಿಸಲು ಕೇಳಿದ್ದಲ್ಲ, ಮದುವೆಯ ಊಟದಲ್ಲಿ ಈ ಹೂರಣ ಯಾರು ಮಾಡಿದರು ಎಂದು ಕೇಳುವ ಹಾಗೆ ಕೇಳಿದ.

"ಬಾಳ ವಜನ್ ಅದ ಮಾತಿಗೆ. ಯಾರು ಬರದಾರ ಇದು?"

ಬೆಳಿಗ್ಗೆ ಸರ್ ಮುಂದೆ ತಲೆಯಾಡಿಸುವುದು ಸುಲಭವಾಗಿತ್ತು. ಇಲ್ಲಿ 'ನಾನು' ಎಂಬ ಒಂದು ಮಾತು ಬಾಯಿಗೆ ಬರಲಿಲ್ಲ.

"ಒಂದು ಹಳೇ ಪ್ರಾಜೆಕ್ಟ್‌ದಾಗಿನದು, ದೊಡ್ಡಪ್ಪಾ. ಹುಮನಾಬಾದಿನಾಗ ಸಿಕ್ಕಿತ್ತು."

"ಅವರ ಹೆಸರೇನು?" ಎಂದಳು ಸುಂದರಬಾಯಿ.

"ಗೊತ್ತಿಲ್ಲ."

ಸುಂದರಬಾಯಿ ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡಳು. "ಕೇಳಬೇಕಿತ್ತಲ್ಲವ್ವ. ನನ್ನ ಹೆಸರು ಕೇಳಾಕ ಇಷ್ಟು ದೂರ ಬಂದೀ."

ಮರುದಿನ ಭುವನೇಶ್ವರಿ ಹುಮನಾಬಾದಿಗೆ ಹೋದಳು. ಹೆದ್ದಾರಿಯಲ್ಲಿ ಬಸ್ಸಿನ ಮುಂದೆ ಮೆಡಿಸಿನ್ ಫ್ಯಾಕ್ಟರಿಗೆ ಹೋಗುವ ಟ್ಯಾಂಕರು, ಅಡತಿ ಅಂಗಡಿಗೆ ಹೊರಟ ಕಡಲೆ ಚೀಲದ ಟೆಂಪೊ. ಬಸ್ ಸ್ಟ್ಯಾಂಡಿನ ಎದುರು ಅಕ್ರಮನ ಅಂಗಡಿ. ಮುಂದೆ ಎರಡು ಝೆರಾಕ್ಸ್ ಮಶೀನು, ಹಿಂದೆ ಬೈಂಡಿಂಗಿನ ಅಂಟಿನ ವಾಸನೆ, ಅದರ ಹಿಂದೆ ಸೂರು ಮುಟ್ಟುವ ಕಪಾಟಿನಲ್ಲಿ ಹಳೆಯ ಪ್ರಾಜೆಕ್ಟುಗಳು.

"ಬರ್ರಿ ಅಕ್ಕೋರೇ. ಬೈಂಡಿಂಗ್ ತಯಾರೇನ್ರಿ? ಕೆಂಪು ರೆಗ್ಝಿನ್ನಾ, ಕಪ್ಪಾ?"

"ಬೈಂಡಿಂಗ್ ಅಲ್ರಿ ಅಕ್ರಮಣ್ಣ. ನನಗ ಕೊಟ್ಟಿದ್ರಲ್ಲ ತತ್ವಪದದ್ದು, ಅದು ಯಾರ್ದು?"

ಅಕ್ರಮ್ ಅವಳ ಮುಖ ನೋಡಿದ. "ಹೆಸರು ಕೇಳಬಾರದ್ರಿ. ಅದಕ್ಕೇ ಮೊದಲನೇ ಹಾಳಿ ಹರದೇ ಕೊಡತೇನಿ. ಹೆಸರು, ಸರ್ಟಿಫಿಕೇಟು, ಕೃತಜ್ಞತೆ, ಎಲ್ಲಾ ಹರೀತೇನಿ. ಒಬ್ಬರ ಇಜ್ಜತ್ ಇನ್ನೊಬ್ಬರ ಕೈಯಾಗ ಯಾಕ ಕೊಡೂದು?"

"ಇಜ್ಜತ್ ಸಲುವಾಗೇನು?"

"ಮತ್ತ? ನಾ ಏನು ಕಳ್ಳ ಅಲ್ರಿ." ಅವನಿಗೆ ನಿಜವಾಗಿ ನೋವಾದಂತಿತ್ತು. "ಬರೇ ಹಿನ್ನೆಲಿ ಕೊಡತೇನಿ. ಎರಡನೇ ಅಧ್ಯಾಯ. ಎಲ್ಲಾರೂ ಅದನ್ನೇ ಕೇಳತಾರ. ಅದು ಎಲ್ಲಾ ಊರಿಗೂ ಹೊಂದತದ."

ಅವಳು ಬಿಡಲಿಲ್ಲ. ತಪ್ಪು ಹುಡುಕಲು ಬಂದಿಲ್ಲ, ಬರೆದವರ ಹೆಸರು ಹಾಕಬೇಕಾಗಿದೆ ಎಂದು ಹೇಳಿದಳು. ಅಂಥ ಮಾತನ್ನು ಅಕ್ರಮ್ ಅಲ್ಲಿಯ ತನಕ ಕೇಳಿರಲಿಲ್ಲ ಎಂದು ಕಾಣುತ್ತದೆ. ಸ್ವಲ್ಪ ಹೊತ್ತು ಮಶೀನಿನ ಮುಚ್ಚಳ ಏರಿಸುತ್ತ ಇಳಿಸುತ್ತ ನಿಂತ. ಆಮೇಲೆ ಮೊಬೈಲು ತೆಗೆದ.

"ಉಮಾದೇವಿ ಅಂತ. ಇಲ್ಲೇ ಕುಂತು ಟೈಪ್ ಮಾಡಿಸಿದ್ರು. ಈಗ ಇಂಡಸ್ಟ್ರಿಯಲ್ ಏರಿಯಾದಾಗ ಗುಳಿಗಿ ಕಂಪನಿ ಪ್ಯಾಕಿಂಗಿನಾಗ ಅದಾರ. ಮೊದಲ ನಾ ಮಾತಾಡತೇನಿ, ಅವರು ಹೂಂ ಅಂದ್ರ ನಿಮಗ ಕೊಡತೇನಿ."

ಅವನು ಬದಿಗೆ ಹೋಗಿ ತಗ್ಗಿದ ದನಿಯಲ್ಲಿ ಮಾತಾಡಿ, ಫೋನನ್ನು ಅವಳ ಕೈಗಿತ್ತ.

"ಹೇಳವ್ವ ತಂಗಿ," ಎಂದಿತು ಆ ಕಡೆಯ ದನಿ. ಹಿಂದೆ ಯಾವುದೋ ಯಂತ್ರ ಗುಂಯ್ ಎನ್ನುತ್ತಿತ್ತು. "ಜಲ್ದಿ ಹೇಳು, ಚಾ ಕುಡ್ಯಾಕ ಬಿಟ್ಟಾರ."

ಭುವನೇಶ್ವರಿ ಹೇಳಿದಳು. ನಿಮ್ಮ ಎರಡನೆಯ ಅಧ್ಯಾಯವನ್ನು ನನ್ನದೆಂದು ಬರೆದುಕೊಂಡಿದ್ದೇನೆ. ಈಗ ಅದು ನಿಮ್ಮದೆಂದು ಬರೆಯಬೇಕಾಗಿದೆ. ನಿಮ್ಮ ಒಪ್ಪಿಗೆ ಬೇಕು.

ಆ ಕಡೆ ಚಹಾ ಗುಟುಕರಿಸಿದ ಸದ್ದಾಯಿತು. "'ಶರಣರ ಪಾದಸ್ಪರ್ಶದಿಂದ' ಅಂತ ಸುರು ಆಗತದಲ್ಲ, ಅದಾ?"

"ಹೌದ್ರಿ ಅಕ್ಕಾ."

ಉಮಾದೇವಿ ನಕ್ಕಳು. "ಅದು ನಂದಲ್ಲ ಮಾರಾಯ್ತಿ. ನಾ ಕಲಬುರ್ಗಿಯಾಗ ಒಬ್ಬ ಸೀನಿಯರ್ ಕಡಿಂದ ತಗೊಂಡಿದ್ದೆ. ಅವರೂ ಯಾರ ಕಡಿಂದೋ ತಂದಿದ್ರು."

"ಆದ್ರ ಅದರಾಗ ಹೊಳಿ ಅದ. ನಿಮ್ಮ ಊರಿಂದು ಅಂತ ತಿಳ್ಕೊಂಡಿದ್ದೆ."

"ನಮ್ಮ ಊರಾಗ ಎಲ್ಲಿ ಹೊಳಿ! ಬ್ಯಾಸಗಿಯಾಗ ಟ್ಯಾಂಕರ್ ಬರತದ. ಹೊಳಿ ಅದರಾಗ ಮೊದಲೇ ಇತ್ತು. ಚಂದ ಇತ್ತು ಅಂತ ಹಂಗ ಬಿಟ್ಟೆ. ಯಾಕ, ನೀನೂ ಬಿಟ್ಟಿಯೇನು?"

"ಹೂಂ."

ಈಗ ಇಬ್ಬರೂ ನಕ್ಕರು. ಯಾವುದೋ ಊರಲ್ಲಿ ಯಾರೋ ಒಬ್ಬರು ಹೊಳೆಯ ದಂಡೆಯ ಮೇಲೆ ಕೂತು ಬರೆದಿರಬೇಕು. ಅಥವಾ ಅವರಿಗೂ ಹೊಳೆ ಇರಲಿಲ್ಲವೇನೋ. ಹೊಳೆ ಮಾತ್ರ ಒಂದು ಪ್ರಾಜೆಕ್ಟಿನಿಂದ ಇನ್ನೊಂದಕ್ಕೆ, ಒಂದು ಒಣ ಊರಿನಿಂದ ಮತ್ತೊಂದು ಒಣ ಊರಿಗೆ ಹರಿಯುತ್ತ ಬಂದಿತ್ತು. ಅದರ ನೀರನ್ನು ಯಾರೂ ಮುಟ್ಟಿರಲಿಲ್ಲ.

"ನಾಕನೇ ಅಧ್ಯಾಯ ನಂದು," ಎಂದಳು ಉಮಾದೇವಿ, ನಗು ನಿಂತ ಮೇಲೆ. "ನಮ್ಮ ಓಣಿಯಾಗ ಹೊಲದ ಕಳಿ ಕೀಳಾಕ ಹೋಗೂ ಹೆಣ್ಮಕ್ಕಳು ಹಾಡ್ತಿದ್ರು. ಅವು ಮಠದ ಪದಕ್ಕಿಂತ ಹ್ಯಾಂಗ ಬ್ಯಾರೆ ಅಂತ ಬರದಿದ್ದೆ. ಅದನ್ನ ಓದೀಯೇನು?"

"ಇಲ್ರಿ ಅಕ್ಕಾ. ನನಗ ಎರಡನೇದು ಅಷ್ಟೇ ಸಿಕ್ಕದ."

"ಅಕ್ರಮನ ಹತ್ರ ಇರಬೇಕು, ಕೇಳು." ಅಲ್ಲಿ ಯಾರೋ ಕರೆದರು. ಫೋನು ಕಟ್ಟಾಯಿತು.

ಭುವನೇಶ್ವರಿ ಕೇಳಿದಳು. ಅಕ್ರಮ್ ಕಪಾಟಿನ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದ.

"ನಾಕನೇದು ಯಾರೂ ಕೇಳಂಗಿಲ್ರಿ. ಇಟ್ಟು ಏನ್ ಮಾಡಲಿ, ಜಾಗಾ ಇಲ್ಲ. ಅವನ್ನ ರದ್ದಿಗಿ ಹಾಕತೇನಿ."

ವಾಪಸ್ಸು ಬರುವಾಗ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಸರಳು ಹಿಡಿದು ನಿಂತೇ ಬಂದಳು. ಎರಡನೆಯ ಅಧ್ಯಾಯಕ್ಕೆ ಒಂದು ಹೆಸರು ಹಚ್ಚಿ ಮುಗಿಸಬಹುದು ಎಂದುಕೊಂಡು ಹೋಗಿದ್ದಳು. ಹಚ್ಚಲು ಹೆಸರೇ ಇರಲಿಲ್ಲ. ಸುಂದರಬಾಯಿಯ ಪದಕ್ಕೂ ಹೆಸರಿಲ್ಲ. ಎರಡೂ ಒಂದೇ ಏನು? ಬಹಳ ಹೊತ್ತು ಅವಳಿಗೆ ಒಂದೇ ಎಂದೇ ತೋರಿತು. ಯಾರದೋ ಮಾತು, ಯಾರ ಬಾಯಿಗೋ ಬಂದು, ಯಾರದೂ ಅಲ್ಲದೆ ಉಳಿದದ್ದು. ಆಮೇಲೆ ಹೆದ್ದಾರಿಯ ತಿರುವಿನಲ್ಲಿ ಬಸ್ಸು ಓಲಾಡಿ ಪಕ್ಕದವರ ಮೇಲೆ ಬೀಳುವಂತಾಗಿ, ಅವರ ಕ್ಷಮೆ ಕೇಳಿ ಮತ್ತೆ ಸರಿಯಾಗಿ ನಿಂತಾಗ, ಒಂದೇ ಅಲ್ಲ ಎನಿಸಿತು. ದೊಡ್ಡವ್ವ ಕಂಬ ನೋಡಿದ್ದಳು. ನೋಡಿ, ಮನೆಯ ತನಕ ಮಾತು ಬಿಟ್ಟಿದ್ದಳು. ಹೊಳೆಯನ್ನು ಇವರಲ್ಲಿ ಯಾರೂ ನೋಡಿರಲಿಲ್ಲ.

ಆ ವಾರವೆಲ್ಲ ಅವಳು ಬರೆದಳು. ಎರಡನೆಯ ಅಧ್ಯಾಯವನ್ನು ಪೂರ್ತಿ ತೆಗೆದಳು. ಅದರ ಜಾಗದಲ್ಲಿ ಮಂಠಾಳದಲ್ಲಿ ಒಂದು ಪದ ಹೇಗೆ ಹುಟ್ಟುತ್ತದೆ, ಕಟ್ಟಿದವರು ಅದನ್ನು ಯಾಕೆ ತಾವೇ ಶುರು ಮಾಡುವುದಿಲ್ಲ, ಮುತ್ಯಾನ ಹೆಸರು ಎಲ್ಲಿ ಬರುತ್ತದೆ ಎಂಬುದನ್ನು ಬರೆದಳು. ವಾಕ್ಯಗಳು ಗಿಡ್ಡವಾಗಿದ್ದವು. ಕೆಲವು ಕುಂಟುತ್ತಿದ್ದವು. 'ಗುಪ್ತಗಾಮಿನಿ' ಎಂಬ ಮಾತು ಎರಡು ಸಲ ತಾನಾಗಿ ಬಂತು, ಎರಡು ಸಲವೂ ಹೊಡೆದುಹಾಕಿದಳು. ಮೂವತ್ತು ಪುಟ ಇದ್ದಲ್ಲಿ ಆರು ಪುಟವಾಯಿತು.

ಸತೀಶಕುಮಾರ ಸರ್ ಮೊದಲು ನಾಕಾದ ಪದದ ಪುಟ ತೆಗೆದರು. ಕೆಳಗೆ ಹೀಗಿತ್ತು: "ಈ ಪದವನ್ನು ಕಟ್ಟಿದವರು ಈಗಲೂ ಇದ್ದಾರೆ. ಅವರು ಇದನ್ನು ಗುರುಲಿಂಗ ಮುತ್ಯಾನದೆಂದೇ ಹೇಳುತ್ತಾರೆ. ತಮ್ಮ ಹೆಸರು ಹಾಕಬಾರದೆಂದು ಕೇಳಿಕೊಂಡಿದ್ದಾರೆ. ಈ ಸಂಗ್ರಹದಲ್ಲಿ ಇಂಥ ಪದಗಳು ಇನ್ನೆಷ್ಟಿವೆಯೋ ನನಗೆ ತಿಳಿಯದು. ನಾನು ಕೇಳಿರಲಿಲ್ಲ. ಈಗ ಕೇಳುತ್ತಿದ್ದೇನೆ."

ಅವರು ಅದನ್ನು ಓದಿ, ಮತ್ತೆ ಓದಿದರು.

"ಇದ್ದಾರ?"

"ಅದಾರ್ರಿ."

"ನಿನಗ ಗೊತ್ತದ ಯಾರಂತ."

"ಗೊತ್ತದ್ರಿ. ಹೇಳಂಗಿಲ್ರಿ."

ಸರ್ ಅವಳನ್ನು ನೋಡಿದರು. ಆಮೇಲೆ ಪುಟ ಹಿಂದೆ ತಿರುವಿದರು, ಇನ್ನೂ ಹಿಂದೆ ತಿರುವಿದರು. "ಎರಡನೇದು ಎಲ್ಲಿ? ಬಿಗಿ ಇತ್ತಲ್ಲ, ಅದು?"

"ತೆಗದೀನ್ರಿ. ಅದು ನಂದಲ್ರಿ ಸರ್."

"ಯಾರ್ದು?"

"ಯಾರ್ದೂ ಅಲ್ರಿ." ಆಮೇಲೆ ಅವಳು ಎಲ್ಲವನ್ನೂ ಹೇಳಿದಳು. ಅಂಗಡಿಯ ಹೆಸರೊಂದನ್ನು ಬಿಟ್ಟು. ಹೊಳೆಯ ಮಾತು ಬಂದಾಗ ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಾ ಅದನ್ನ ಚೊಲೋ ಅದ ಅಂದಿದ್ದೆ."

"ಹೌದ್ರಿ."

"ಎಲ್ಲೋ ಓದಿದಂಗ ಅನಿಸಿತ್ತು ನನಗ," ಎಂದರು ಅವರು ನಿಧಾನಕ್ಕೆ. "ಚೊಲೋ ಬರದದ್ದು ಅಂದ್ರ ಎಲ್ಲೋ ಓದಿದಂಗ ಇರಬೇಕು ಅಂತ ತಿಳ್ಕೊಂಡಿದ್ದೆ."

ಕಾರಿಡಾರಿನಲ್ಲಿ ಯಾರೋ ಹುಡುಗಿಯರು ಜೋರಾಗಿ ನಗುತ್ತ ಹೋದರು. ಸರ್ ಕನ್ನಡಕ ಮತ್ತೆ ಹಾಕಿಕೊಂಡರು.

"ಸಬ್ಮಿಟ್ ಆಗೂಕ್ಕಿಂತ ಮೊದಲ ಹೇಳಿದಿ. ಹಂಗಾಗಿ ಇದು ಕಮಿಟಿ ಮುಂದ ಹೋಗಂಗಿಲ್ಲ. ಆದ್ರ ಈ ಸಲ ಸಹಿ ಆಗಂಗಿಲ್ಲ, ಭುವನೇಶ್ವರಿ. ಇಲ್ಲಿ 'ಕೇಳುತ್ತಿದ್ದೇನೆ' ಅಂತ ಬರದೀ ನೋಡು, ಅದು ನಡಿಯಂಗಿಲ್ಲ. 'ಕೇಳಿದ್ದೇನೆ' ಅಂತ ಬರೀಬೇಕು. ಒಂದೊಂದು ಪದಕ್ಕೂ ಹೋಗಿ ಕೇಳು. ಹೆಸರು ಹೇಳಂಗಿಲ್ಲ ಅಂದ್ರ ಹೇಳಂಗಿಲ್ಲ ಅಂತನೇ ಬರಿ. ವೈವಾದಾಗ ಕೇಳಿದ್ರ ನಾ ನಿಂದ್ರತೇನಿ ನಿನ್ನ ಕಡಿ. ಮುಂದಿನ ಬ್ಯಾಚಿನ ಜೋಡಿ ಕೊಡು."

"ಆರು ತಿಂಗಳಾಗತದ್ರಿ."

"ಆಗತದ."

ಅವಿನಾಶನ ಬೀಜ-ಗೊಬ್ಬರದ ಅಂಗಡಿ ಬಸವಕಲ್ಯಾಣದ ಬಜಾರಿನಲ್ಲಿತ್ತು. ಭುವನೇಶ್ವರಿ ಒಳಗೆ ಬಂದಾಗ ಅವನು ಯಾರಿಗೋ ಸೋಯಾ ಬೀಜದ ಚೀಲ ಎತ್ತಿ ಕೊಡುತ್ತಿದ್ದ.

"ಆತೇನು ಸಬ್ಮಿಟ್ಟು? ಪೇಡೆ ತರಿಸಲೇನು?"

"ಇಲ್ಲಣ್ಣಾ. ಆಗಲಿಲ್ಲ."

"ಯಾಕ? ಕಾಪಿ ಗೀಪಿ ಹೊಡದಿಯೇನು?" ಅವನು ನಗುತ್ತಲೇ ಕೇಳಿದ.

"ಹೂಂ."

ಗಿರಾಕಿ ಚೀಲ ಹೆಗಲಿಗೇರಿಸಿಕೊಂಡು ಹೊರಗೆ ಹೋದ. ಅವಿನಾಶ ಕೌಂಟರಿನ ಮೇಲೆ ಎರಡೂ ಕೈ ಊರಿದ.

"ಹಿಡದ್ರೇನು?"

"ಯಾರೂ ಹಿಡೀಲಿಲ್ಲ. ನಾನೇ ಹೇಳೀನಿ."

"ಹುಚ್ಚಿ ಅದೀ ನೀ." ಅವನು ಸಿಟ್ಟಿನಿಂದಲೇ ಅಂದ. ಸ್ವಲ್ಪ ತಡೆದು ಮತ್ತೆ ಅಂದ, "ಪೂರಾ ಹುಚ್ಚಿ."

"ಇನ್ನೊಂದು ಆರು ತಿಂಗಳು ಬೇಕು ನನಗ. ಎರಡು ವರ್ಷ ಅಂತ ಮಾತಾಗಿತ್ತು, ಗೊತ್ತದ. ಆದ್ರೂ ಕೇಳಾಕತ್ತೇನಿ."

"ಎಲ್ಲಾ ಹೊಸದಾಗಿ ಬರೀಬೇಕೇನು?"

"ಆರು ಪುಟ ಬರದೀನಿ."

"ಮೊದಲ ಎಷ್ಟಿತ್ತು?"

"ಮೂವತ್ತು."

ಅವಿನಾಶನ ಮುಖದಲ್ಲಿ ವ್ಯಾಪಾರಿಯ ಲೆಕ್ಕವೊಂದು ಹಾದುಹೋಯಿತು. ಎಷ್ಟು ತಡೆದರೂ ಬಾಯಂಚು ನಕ್ಕಿತು. "ಆರು ತಿಂಗಳು ಅಂದ್ರ ಆರೇ. ಅದರ ಮ್ಯಾಲೆ ಒಂದಿನ ಕೇಳಬ್ಯಾಡ. ಮತ್ತ ಅವ್ವಗ ನಾ ಹೇಳಂಗಿಲ್ಲ. ಸರ್ ರಜಾ ಹಾಕ್ಯಾರ ಅಂತನೋ, ಏನಂತನೋ, ನೀನೇ ಏನರ ಹೇಳು."

"ರಜಾ ಅಂತ ಹೇಳಂಗಿಲ್ಲ."

"ಹೇಳಬ್ಯಾಡ ಬಿಡು ಹಂಗಾದ್ರ. ಬೈಸ್ಕೋ." ಅವನು ಒಂದು ಸ್ಟೂಲನ್ನು ಕಾಲಿನಿಂದ ಅವಳ ಕಡೆ ತಳ್ಳಿದ. "ಕುಂದರು. ಅಂಗಡಿ ಮುಚ್ಚಿ ಕೂಡೇ ಹೋಗೂಣು."

ಅವಳು ಗೊಬ್ಬರದ ಚೀಲಗಳ ನಡುವೆ ಕೂತಳು. ಅಣ್ಣ ಗಿರಾಕಿಗಳ ಜೊತೆ ಮಾತಿಗಿಳಿದ. ಅವ್ವನಿಗೆ ಮೊದಲು ಯಾವುದನ್ನು ಹೇಳುವುದು ಎಂದು ಅವಳು ಯೋಚಿಸತೊಡಗಿದಳು, ಆರು ತಿಂಗಳನ್ನೋ, ಅದು ಯಾಕೆ ಬೇಕಾಯಿತು ಎಂಬುದನ್ನೋ.